ಮೂರನೇ ಮಹಡಿಯ ಡಾಕ್ಟರು

ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಗಡಿಬಿಡಿ ಎಂದು. ಎಲ್ಲರೂ ಎಂದರೆ ಅಮ್ಮ ಒಬ್ಬಳೇ. ಆ ಮನೆಯಲ್ಲಿ ಇರುವುದೇ ಇಬ್ಬರು. "ಹೊಟ್ಟೇಲಿದ್ದಾಗ್ಲೂ ಒಂದು ಕಡೆ ನೆಟ್ಟಗೆ ಇದ್ದವಳಲ್ಲ ಇವಳು" ಎಂದು ಅಮ್ಮ ದೂರುವುದುಂಟು. ನಿಂತಲ್ಲಿ ನಿಲ್ಲಲಾರದವಳಿಗೆ ಆಂಬುಲೆನ್ಸಿನ ಕೆಲಸ ಸಿಕ್ಕಿದ್ದು ಹೇಳಿ ಮಾಡಿಸಿದ ಹಾಗಿತ್ತು. ಗಾಡಿಯ ಹಿಂಭಾಗದಲ್ಲಿ ರೋಗಿಯ ಪಕ್ಕ ಕೂತು, ಉಸಿರು ನೋಡಿ, ಆಮ್ಲಜನಕ ಕೊಟ್ಟು, ಎದೆಬಡಿತದ ಗೆರೆ ತೆಗೆದು, ಆಸ್ಪತ್ರೆಯ ಬಾಗಿಲು ಮುಟ್ಟಿಸುವವರೆಗೂ ಜೀವ ಜಾರದಂತೆ ನೋಡಿಕೊಳ್ಳುವುದು ಅವಳ ಕೆಲಸ. ಅದಕ್ಕೊಂದು ಓದು ಇದೆ, ಪರೀಕ್ಷೆ ಇದೆ, ಪಾಸಾದ ಮೇಲೆ ಸಿಗುವ ಉದ್ದನೆಯ ಹುದ್ದೆಯ ಹೆಸರೂ ಇದೆ. ಆ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ರೋಗಿಯೇ ಮುಗಿದಿರುತ್ತಾನೆ ಎಂದು ಗಾಡಿಯವರು ತಮ್ಮತಮ್ಮಲ್ಲೇ ನಗುತ್ತಾರೆ.

ಹಾಗಾಗಿ ಜನ ತಮಗೆ ತೋಚಿದ್ದನ್ನು ಕರೆಯುತ್ತಾರೆ. ಸಿಸ್ಟರ್ ಎನ್ನುತ್ತಾರೆ, ನರ್ಸಮ್ಮ ಎನ್ನುತ್ತಾರೆ, ಮೇಡಂ ಎನ್ನುತ್ತಾರೆ. ಗಾಡಿ ತಡವಾಗಿ ಬಂದರೆ ಕರೆಯುವ ಹೆಸರುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಭಯದಲ್ಲಿ ಕೈಕಾಲು ನಡುಗುತ್ತಿರುವವರು ಮಾತ್ರ ತಪ್ಪದೆ ಡಾಕ್ಟ್ರೇ ಎನ್ನುತ್ತಾರೆ. ಅದನ್ನು ತಿದ್ದಬಾರದು ಎಂಬುದು ಗಾಡಿಯವರ ಪದ್ಧತಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಡಿಬಿಡಿ ಒಂದು ಮನೆಯಲ್ಲಿ ತಿದ್ದಲು ಹೋಗಿದ್ದಳು. ಮಂಚ ಪಕ್ಕಕ್ಕೆ ಸರಿಸಿ ಎಂದ ಕೂಡಲೇ ಅದಕ್ಕೆ ಕೈ ಹಾಕಿದ್ದ ಮನೆಮಗ, ಇವಳು ಡಾಕ್ಟರಲ್ಲ ಎಂದು ಗೊತ್ತಾದದ್ದೇ ಮಂಚ ಬಿಟ್ಟ. ಫೋನ್ ಹಿಡಿದು "ಡಾಕ್ಟ್ರನ್ನ ಕಳಿಸ್ರೀ" ಎಂದು ಯಾರ ಮೇಲೋ ಕೂಗಾಡುತ್ತ ನಿಂತ. ವಾಪಸ್ ಬರುವಾಗ ಗಾಡಿ ಓಡಿಸುವ ಮಾಮ ಅವಳಿಗೆ ಚೆನ್ನಾಗಿ ಕಿವಿ ಹಿಂಡಿದ್ದರು.

"ನೋಡು ತಾಯಿ, ಉಸಿರು ಸಿಕ್ಕಾಕ್ಕೊಂಡಿರೋ ಮನೇಲಿ ನಮ್ಮ ಹೆಸ್ರು ಸರಿಮಾಡ್ಕೊಳ್ತಾ ನಿಂತ್ಕೋಬಾರ್ದು. ಡಾಕ್ಟ್ರೇ ಅಂದ್ರೆ ಡಾಕ್ಟ್ರು. ಏಯ್ ಅಂದ್ರೆ ಏಯ್. ನಮಗೆ ಮಂಚ ಸರೀಬೇಕು, ಅಷ್ಟೇ."

ಈ ಪದ್ಧತಿ ಗಾಡಿಗಷ್ಟೇ ಇದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅಮ್ಮ ಅದನ್ನು ಮನೆಗೂ ತಂದಿದ್ದಳು.

ಅಮ್ಮ ಬಹಳ ಕಾಲ ಒಂದು ನರ್ಸಿಂಗ್ ಹೋಮಿನಲ್ಲಿ ಬಟ್ಟೆ ಒಗೆಯುತ್ತಿದ್ದವಳು. ಡಾಕ್ಟರುಗಳ ಬಿಳಿ ಕೋಟು ಒಗೆದು, ಇಸ್ತ್ರಿ ಮಾಡಿ, ಮಗಳಿಗೂ ಅಂಥದ್ದೊಂದು ಕೋಟು ಬರಲಿ ಎಂದು ಹಂಬಲಿಸಿದವಳು. ಮಗಳ ಅಂಕಗಳು ಆ ಹಂಬಲದವರೆಗೆ ಏರಲಿಲ್ಲ. ಈಗಿರುವ ಕಟ್ಟಡಕ್ಕೆ ಸಾಮಾನು ಸಾಗಿಸುತ್ತಿದ್ದ ದಿನ, ನೆಲಮಹಡಿಯಲ್ಲಿ ಕನ್ನಡಕದಂಗಡಿ ಇಟ್ಟಿರುವ ಯಜಮಾನರು "ಮಗಳು ಏನ್ ಮಾಡ್ತಾರೆ?" ಎಂದು ಕೇಳಿದರು. "ಡಾಕ್ಟ್ರು" ಎಂದಳು ಅಮ್ಮ, ಕಣ್ಣು ಪಿಳುಕಿಸದೆ. ಮಗಳ ಮೈಮೇಲಿದ್ದ ಸಮವಸ್ತ್ರ ಅವರ ಕಣ್ಣಿಗೆ ಬಿದ್ದಿದ್ದನ್ನು ಕಂಡು "ಆಂಬುಲೆನ್ಸಲ್ಲೇ ಹೋಗೋ ಡಾಕ್ಟ್ರು" ಎಂದೂ ಸೇರಿಸಿದಳು. ಮೆಟ್ಟಿಲ ಮೇಲೆ ಹಾಸಿಗೆಯ ಸುರುಳಿ ಹೊತ್ತು ನಿಂತಿದ್ದ ಗಡಿಬಿಡಿಗೆ ಅದು ಕೇಳಿಸಿತು. ನಾಳೆ ಹೇಳಿದರಾಯಿತು ಎಂದುಕೊಂಡು ಮೇಲೆ ಹತ್ತಿದಳು. ಅಂಥ ನಾಳೆಗಳು ಬಹಳ ಕಳೆದವು.

ಅಷ್ಟರಲ್ಲಿ ಅವಳು ಮೂರನೇ ಮಹಡಿಯ ಡಾಕ್ಟರಾಗಿದ್ದಳು. ಲಿಫ್ಟಿನಲ್ಲಿ ಜನ ಜಾಗ ಬಿಡುತ್ತಿದ್ದರು. ಮೆಟ್ಟಿಲ ಮೇಲೆ ಸಿಕ್ಕವರು ಬಾಯಿ ತೆಗೆದು ಗಂಟಲು ತೋರಿಸುತ್ತಿದ್ದರು. ಅವಳು ಯಾರಿಗೂ ಒಂದು ಮಾತ್ರೆ ಬರೆದುಕೊಟ್ಟವಳಲ್ಲ, "ಆಸ್ಪತ್ರೆಗೆ ತೋರ್ಸಿ" ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಿದ್ದಳು. ಅದಕ್ಕೆ ಜನ "ಎಷ್ಟು ವಿನಯ ನೋಡಿ ಆ ಹುಡುಗಿಗೆ" ಎಂದು ಇನ್ನಷ್ಟು ಹೊಗಳಿದರು. ಅಮ್ಮನಿಗಂತೂ ಕನ್ನಡಕದಂಗಡಿಯಲ್ಲಿ ಸಂಜೆ ಹೊತ್ತು ಕುರ್ಚಿ ಕಾಯಂ ಆಯಿತು. ಯಜಮಾನರ ಹೆಂಡತಿ ಟೀ ತಂದುಕೊಟ್ಟು "ಡಾಕ್ಟ್ರಮ್ಮ ಬಂದ್ರಾ?" ಎಂದು ವಿಚಾರಿಸುತ್ತಿದ್ದಳು. ಜೀವಮಾನವೆಲ್ಲ ಹಿಂದಿನ ಬಾಗಿಲಿಂದ ಒಳಗೆ ಹೋಗಿ ಬಂದವಳಿಗೆ ಆ ಕುರ್ಚಿ ಎಷ್ಟು ದೊಡ್ಡದೆಂದು ಮಗಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಮ್ಮೆ ಜಗಳ ತೆಗೆದಿದ್ದಳು.

"ಅಮ್ಮ, ಇದು ಸುಳ್ಳು."

"ಜೀವ ಉಳಿಸ್ತೀಯೋ ಇಲ್ವೋ?"

"ಉಳಿಸ್ತೀನಿ."

"ಮತ್ತೆ? ಡಾಕ್ಟ್ರು ಇನ್ನೇನು ಕಿಸೀತಾರೆ?"



ಹಾಗಿರುವಾಗ ಒಂದು ದಿನ ಬೆಳಿಗ್ಗೆ ಗಾಡಿಗೆ ಬಂದ ಕರೆಯಲ್ಲಿ ಅವಳದೇ ಕಟ್ಟಡದ ವಿಳಾಸವಿತ್ತು. ಅಮ್ಮನಿಗೇ ಏನೋ ಆಗಿದೆ ಎಂದುಕೊಂಡಳು ಗಡಿಬಿಡಿ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಕೆಳಗೆ ಹಾರಿದಳು. ಬಾಗಿಲಲ್ಲೇ ನಿಂತಿದ್ದ ಯಜಮಾನರ ಹೆಂಡತಿ ಅವಳ ಕೈ ಹಿಡಿದು ಅಂಗಡಿಯ ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು.

"ರೀ, ಭಯ ಬೇಡ. ನಮ್ಮ ಡಾಕ್ಟ್ರೇ ಬಂದ್ರು!"

ಗಾಜಿನ ಡಬ್ಬಿಗಳ ನಡುವೆ, ಗಿರಾಕಿಗಳ ಕಣ್ಣು ಪರೀಕ್ಷಿಸುವ ಎತ್ತರದ ಕುರ್ಚಿಯಲ್ಲಿ ಯಜಮಾನರು ಕೂತಿದ್ದರು. ಶಟರ್ ಎತ್ತುವಾಗ ಎದೆಯ ಮೇಲೆ ಯಾರೋ ಕೂತ ಹಾಗಾಯಿತಂತೆ, ಎಡಗೈ ಜಗ್ಗಿತಂತೆ, ಬೆವರು ಕಿತ್ತುಕೊಂಡು ಬಂತಂತೆ. ಈಗ ಅಷ್ಟೇನೂ ಇಲ್ಲವಂತೆ. ಗಡಿಬಿಡಿ ಅವರ ಅಂಗಿ ಬಿಚ್ಚಿಸಿ ತಂತಿಗಳನ್ನು ಅಂಟಿಸಿದಳು, ಅಗಿಯಲು ಮಾತ್ರೆ ಕೊಟ್ಟಳು. ಯಂತ್ರ ಕಕ್ಕಿದ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಗೆರೆ ಸರಿಯಾಗಿಯೇ ಇತ್ತು.

"ಇದ್ರಲ್ಲಿ ಈಗ ಏನೂ ಕಾಣ್ತಿಲ್ಲ ಅಂಕಲ್. ಆದ್ರೆ..."

ಆ ಆದ್ರೆ ಯಾರ ಕಿವಿಗೂ ಬೀಳಲಿಲ್ಲ. ಹೆಂಡತಿ ಆಗಲೇ ಕಣ್ಣೊರೆಸಿಕೊಂಡು ಕೈ ಮುಗಿಯುತ್ತಿದ್ದಳು. ಯಜಮಾನರು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು.

"ನಿಮ್ಮ ಮಾತ್ರೆ ಏನ್ ಕೆಲ್ಸ ಮಾಡ್ತು ಡಾಕ್ಟ್ರೇ! ಎದೆ ಹಗುರಾಗ್ಹೋಯ್ತು."

"ಅಂಕಲ್, ಕೇಳಿಸ್ಕೊಳ್ಳಿ. ಹೃದಯದ ತೊಂದ್ರೆ ಮೊದಲ್ನೇ ಸಲಾನೇ ಇದ್ರಲ್ಲಿ ಕಾಣ್ಬೇಕು ಅಂತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೀಬೇಕು, ರಕ್ತ ಪರೀಕ್ಷೆ ಮಾಡ್ಬೇಕು. ಈಗ್ಲೇ ಗಾಡಿ ಹತ್ತಿ. ಆಸ್ಪತ್ರೇಲಿ ಡಾಕ್ಟ್ರು ನೋಡ್ಲೇಬೇಕು."

"ಡಾಕ್ಟ್ರು ನೋಡಿದ್ರಲ್ಲ!" ಎಂದು ಯಜಮಾನರು ಬಾಯಿ ತುಂಬ ನಕ್ಕರು.

ಅದೇ ಹೊತ್ತಿಗೆ ಅಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಳು. ಸುದ್ದಿ ಕೇಳಿ ಮೂರು ಮಹಡಿ ಇಳಿದು ಬಂದವಳಿಗೆ ಏದುಸಿರು ಬರುತ್ತಿದ್ದರೂ ಮುಖ ಮಾತ್ರ ಬೆಳಗುತ್ತಿತ್ತು. ಮಗಳು ಕೆಲಸ ಮಾಡುವುದನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ನಾನು ಡಾಕ್ಟರಲ್ಲ ಅಂಕಲ್ ಎಂಬ ಮಾತು ಗಡಿಬಿಡಿಯ ನಾಲಿಗೆಯ ತುದಿಗೆ ಬಂದಿತ್ತು. ಅಮ್ಮನ ಮುಖ ನೋಡಿ ನುಂಗಿಕೊಂಡಳು.

"ದೊಡ್ಡ ಡಾಕ್ಟ್ರು ನೋಡ್ಬೇಕು" ಎಂದುಬಿಟ್ಟಳು.

"ನಮಗೆ ನೀವೇ ದೊಡ್ಡೋರು" ಎಂದರು ಯಜಮಾನರು. ಆಸ್ಪತ್ರೆಯ ವಾಸನೆಯೇ ತಮಗಾಗದು ಎಂದರು. ಅವಳು ಗದರಿಸಿದಳು, ಗೋಗರೆದಳು. ಕೊನೆಗೆ, ಅಳಿಯ ಕಾರು ತರುತ್ತಾನೆ, ಮಧ್ಯಾಹ್ನದೊಳಗೆ ಹೋಗಿ ತೋರಿಸಿಕೊಂಡು ಬರುತ್ತೇನೆ, ನಿಮ್ಮಾಣೆ ಎಂದರು. ಬಲವಂತವಾಗಿ ಹೊತ್ತೊಯ್ಯುವ ಅಧಿಕಾರ ಗಾಡಿಯವರಿಗಿಲ್ಲ. ಅಷ್ಟರಲ್ಲಿ ಮಾಮ ಹೊರಗಿನಿಂದ ಕೂಗಿದರು. ಎರಡು ಬೀದಿ ಆಚೆ ಬಣ್ಣ ಹೊಡೆಯುವವನೊಬ್ಬ ಏಣಿಯಿಂದ ಬಿದ್ದಿದ್ದ.

"ಹೊರಡಿ ಡಾಕ್ಟ್ರೇ, ಅಲ್ಯಾರಿಗೋ ಹೆಚ್ಚು ಕಮ್ಮಿ ಆದೀತು" ಎಂದು ಯಜಮಾನರೇ ಅವಳನ್ನು ಬೀಳ್ಕೊಟ್ಟರು.

ಬಿದ್ದವನ ಕಾಲು ಮುರಿದಿತ್ತು. ಕಾಲಿಗೆ ಪಟ್ಟಿ ಕಟ್ಟಿ, ಆಸ್ಪತ್ರೆಗೆ ಒಪ್ಪಿಸಿ, ಗಾಡಿ ತೊಳೆಯುವವರೆಗೂ ಗಡಿಬಿಡಿಯ ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಮನಸ್ಸು ಕನ್ನಡಕದಂಗಡಿಯ ಕುರ್ಚಿಯ ಸುತ್ತಲೇ ಸುತ್ತುತ್ತಿತ್ತು. ಕೈಗವಸು ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು. ಮಾಮ ತಂದಿಟ್ಟ ಟೀ ಆರಿ ತಣ್ಣಗಾಯಿತು. ಕೂರಲಾರದೆ ಗಾಡಿಯ ಸುತ್ತ ಹೆಜ್ಜೆ ಹಾಕತೊಡಗಿದಳು.

"ಅವ್ರು ಹೋಗಿರ್ತಾರೆ ಅಲ್ವಾ ಮಾಮ?"

ಮಾಮ ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿಯವರಲ್ಲ.

"ನೀನಾಗಿದ್ರೆ ಹೋಗ್ತಿದ್ಯಾ? ಡಾಕ್ಟ್ರೇ ಮನೆಗೆ ಬಂದು, ಮಾತ್ರೆ ಕೊಟ್ಟು, ಏನೂ ಕಾಣ್ತಿಲ್ಲ ಅಂದ್ಮೇಲೆ?"

"ತಿದ್ಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು."

"ಗಾಡಿ ಹತ್ಸೋಕೆ ಹೇಳ್ಕೊಟ್ಟೆ ತಾಯಿ. ಹತ್ತದೇ ಇರೋಕಲ್ಲ."

ಗಡಿಬಿಡಿಗೆ ಅಳು ಬಂತು. ಇಷ್ಟು ದಿನ ಯಾರಿಗೂ ನೋವು ಮಾಡದ ಸುಳ್ಳು ಎಂದುಕೊಂಡದ್ದು ಈಗ ಒಬ್ಬ ಮನುಷ್ಯನ ಎದೆಯ ಮೇಲೆ ಹೋಗಿ ಕೂತಿತ್ತು. ಯಜಮಾನರ ನಂಬರು ಅವಳ ಹತ್ತಿರ ಇರಲಿಲ್ಲ. ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮ, ಕನ್ನಡಕದ ಅಂಕಲ್ ಆಸ್ಪತ್ರೆಗೆ ಹೋದ್ರಾ?"

"ಎಲ್ಲಿ ಹೋಗ್ತಾರೆ? ಅಂಗಡೀಲೇ ಇದಾರೆ. ಬಂದೋರಿಗೆಲ್ಲ ನಿನ್ನ ಹೊಗಳಿದ್ದೇ ಹೊಗಳಿದ್ದು. ನಮ್ಮ ಡಾಕ್ಟ್ರು ಕೈ ಇಟ್ರು, ನೋವು ಹೋಯ್ತು ಅಂತ."

"ಅಳಿಯ ಬರ್ತಾನೆ ಅಂದಿದ್ರಲ್ಲ?"

"ಬರ್ಬೇಡ ಅಂದ್ರಂತೆ."

ಗಡಿಬಿಡಿ ಗಾಡಿಗೆ ಒರಗಿ ನಿಂತಳು.

"ಅಮ್ಮ, ಈಗ ಕೆಳಗೆ ಹೋಗು. ನಾನು ಡಾಕ್ಟರಲ್ಲ ಅಂತ ಅವ್ರಿಗೆ ಹೇಳು."

ಆ ಕಡೆ ಕುಕ್ಕರೋ ಏನೋ ಒಮ್ಮೆ ಸೀಟಿ ಹೊಡೆಯಿತು.

"ತುಂಬಾ ಅರ್ಜೆಂಟು, ಹೋಗ್ಲೇಬೇಕಂತೆ ಅಂತ ಹೇಳ್ತೀನಿ ಬಿಡು" ಎಂದಳು ಅಮ್ಮ ಮೆಲ್ಲಗೆ. "ಕೈಕಾಲು ಹಿಡ್ದಾದ್ರೂ ಒಪ್ಪಿಸ್ತೀನಿ."

"ಒಪ್ಪಲ್ಲಮ್ಮ. ನಾನೇ ಹೇಳಿ ಸೋತಿದೀನಿ. ಡಾಕ್ಟ್ರು ನೋಡಿಯಾಯ್ತು ಅನ್ನೋದೊಂದೇ ಅವ್ರ ತಲೇಲಿರೋದು. ಅದನ್ನ ತೆಗೀಬೇಕು."

"ಅಷ್ಟೂ ಜನ ಇರ್ತಾರೆ ಕಣೇ ಅಂಗಡೀಲಿ."

"ಇರ್ಲಿ."

"ನಾನು ಇನ್ನು ಆ ಮೆಟ್ಲು ಹೇಗೆ ಇಳೀಲಿ?"

"ಅಮ್ಮ, ಅವ್ರು ಸತ್ತುಹೋದ್ರೆ ಹೇಗೆ ಇಳೀತೀಯ?"

ಮಾತು ಖಾರವಾಯಿತು ಎಂದು ಹೇಳಿದ ಮೇಲೆ ಗೊತ್ತಾಯಿತು. ಸರಿಮಾಡಲು ಬಾಯಿ ತೆರೆಯುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಅಮ್ಮ ಇಟ್ಟಳೋ, ತಾನಾಗಿ ಕಡಿಯಿತೋ ತಿಳಿಯಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡುವ ಮೊದಲೇ ಹೊಸ ಕರೆ ಬಂತು.

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರಲ್ಲಿ ಕೆಲಸದ ಹೆಂಗಸಿಗೆ ಉಬ್ಬಸ ಕೆರಳಿತ್ತು. ಗಡಿಬಿಡಿ ಹಬೆ ತುಂಬಿದ ಕೋಣೆಗೆ ನುಗ್ಗಿದಾಗ ಆ ಹೆಂಗಸು ಮೇಜಿಗೆ ಎರಡೂ ಕೈ ಊರಿ, ಭುಜ ಎತ್ತೆತ್ತಿ ಉಸಿರೆಳೆಯುತ್ತಿದ್ದಳು. ಸುತ್ತ ಏಳೆಂಟು ಜನ ನೆರೆದು ಇದ್ದ ಗಾಳಿಯನ್ನೂ ಕುಡಿಯುತ್ತಿದ್ದರು. "ಡಾಕ್ಟ್ರು ಬಂದ್ರು, ದಾರಿ ಬಿಡಿ!" ಎಂದು ಮಾಲೀಕ ಕೂಗಿದ.

"ನಾನು ಡಾಕ್ಟರಲ್ಲ. ಆಂಬುಲೆನ್ಸಿನವಳು" ಎಂದು ಗಡಿಬಿಡಿ ಅವನಿಗಿಂತ ಜೋರಾಗಿ ಕೂಗಿದಳು. "ಕಿಟಕಿ ತೆಗೀರಿ. ಇಸ್ತ್ರಿ ಆರಿಸಿ. ಎಲ್ಲ ಆಚೆ ಹೋಗಿ."

ಕಿಟಕಿ ತೆರೆಯಿತು, ಇಸ್ತ್ರಿ ಆರಿತು, ಜನ ಆಚೆ ಹೋದರು. ಅವಳು ಯಾರು, ಏನು ಓದಿದ್ದಾಳೆ ಎಂದು ಒಬ್ಬನೂ ಕೇಳಲಿಲ್ಲ. ಬಾಗಿಲಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ನಿಂತಿದ್ದ ಮಾಮ ಅವಳ ಮುಖವನ್ನೊಮ್ಮೆ ನೋಡಿ, ಅದನ್ನು ಒಳಗೆ ದಾಟಿಸಿದರು. ಹೆಂಗಸಿನ ಮೂಗಿಗೆ ಔಷಧಿಯ ಹಬೆ ಹಿಡಿದು, ಬೆನ್ನು ಸವರುತ್ತ ಗಾಡಿಗೆ ಹತ್ತಿಸಿದರು. ದಾರಿಯುದ್ದಕ್ಕೂ ಗಡಿಬಿಡಿ ಒಂದು ಕೈಯಲ್ಲಿ ಅವಳ ನಾಡಿ ಹಿಡಿದಿದ್ದಳು. ಜೇಬಿನ ಫೋನು ಅದುರಿತೆಂದು ಎರಡು ಸಲ ಅನ್ನಿಸಿತು. ಎರಡು ಸಲವೂ ಅದುರಿರಲಿಲ್ಲ.

ಉಬ್ಬಸದ ಹೆಂಗಸನ್ನು ತುರ್ತು ವಿಭಾಗದ ನರ್ಸಿಗೆ ಒಪ್ಪಿಸಿ ತಿರುಗಿದವಳಿಗೆ ಕಾಯುವ ಜಾಗದಲ್ಲಿ ಯಜಮಾನರ ಹೆಂಡತಿ ಕಾಣಿಸಿದಳು. ಅವಳು ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. ಅಕ್ಕಪಕ್ಕದ ಕುರ್ಚಿಗಳು ಖಾಲಿ ಇದ್ದರೂ ಅಮ್ಮ ದೂರದಲ್ಲಿ, ಗೋಡೆಗೆ ಆನಿಸಿಕೊಂಡು ನಿಂತಿದ್ದಳು. ಮನೆಯಲ್ಲಿ ಉಡುವ ಸೀರೆ, ಒಂದಕ್ಕೊಂದು ಜೊತೆಯಿಲ್ಲದ ಚಪ್ಪಲಿ. ಮಗಳನ್ನು ನೋಡಿದವಳೇ ಕಣ್ಣು ಕೆಳಗೆ ಹಾಕಿದಳು.

ಗಡಿಬಿಡಿಯ ಕಾಲುಗಳು ಮೊದಲ ಬಾರಿಗೆ ಮುಂದಕ್ಕೆ ಹೋಗಲೊಲ್ಲದೆ ನಿಂತವು. ಯಜಮಾನರ ಹೆಂಡತಿಯೇ ಎದ್ದು ಬಂದಳು.

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ ನೀನು?"

ಆ ಕಟ್ಟಡದಲ್ಲಿ ಅಮ್ಮನನ್ನು ಬಿಟ್ಟರೆ ಯಾರೂ ಅವಳನ್ನು ನೀನು ಎಂದಿರಲಿಲ್ಲ.

"ಆಂಟಿ, ಅಂಕಲ್ ಹೇಗಿದಾರೆ?"

"ಮೊದ್ಲು ಇದಕ್ಕೆ ಉತ್ತರ ಹೇಳು. ನೀನು ಡಾಕ್ಟ್ರಲ್ಲ ಅಂದಿದ್ರೆ ಬೆಳಿಗ್ಗೆನೇ ಬರ್ತಿರ್ಲಿಲ್ವಾ ನಾವು? ಇಲ್ಲಿ ತಂದು ಮಲಗಿಸ್ತಿದ್ದ ಹಾಗೇ ಮತ್ತೆ ನೋವು ಕಾಣಿಸ್ಕೊಳ್ತು. ಮತ್ತೆ ಗೆರೆ ತೆಗೆದ್ರು, ಈ ಸಲ ಕಂಡಿತಂತೆ. ರಕ್ತನಾಳ ಕಟ್ಟಿದೆ, ಈಗ್ಲೇ ಒಳಗೆ ತಗೊಂಡು ಹೋಗ್ಬೇಕು ಅಂದ್ರು. ನಾವು ಅಂಗಡೀಲಿ ಕೂತು ನಿನ್ನ ಗುಣಗಾನ ಮಾಡ್ತಿದ್ವಿ!"

ಹೇಳಲು ಬೇರೆ ಏನಿತ್ತು? ಹೆದರಿದ್ದೆ, ಅವಸರವಿತ್ತು, ನೀವು ಕೇಳಿಸಿಕೊಳ್ಳಲಿಲ್ಲ. ಎಲ್ಲವೂ ಅರ್ಧರ್ಧ ನಿಜ. ಗಡಿಬಿಡಿ ಪೂರ್ತಿ ನಿಜವನ್ನೇ ಹೇಳಿದಳು.

"ಅಮ್ಮನಿಗೆ ಅವಮಾನ ಆಗುತ್ತೆ ಅಂತ ಹೇಳ್ಲಿಲ್ಲ ಆಂಟಿ. ತಪ್ಪಾಯ್ತು."

ಯಜಮಾನರ ಹೆಂಡತಿ ಗೋಡೆಯ ಕಡೆ ತಿರುಗಿ ನೋಡಿದಳು, ಮತ್ತೆ ಇವಳನ್ನು ನೋಡಿದಳು. ಸಿಟ್ಟು ಇಳಿದಿರಲಿಲ್ಲ. ಆದರೂ ದನಿ ತಗ್ಗಿತು.

"ನಿಮ್ಮಮ್ಮ ಗಿರಾಕಿಗಳ ಮುಂದೆನೇ ಹೇಳಿದ್ರು. ನನ್ನ ಮಗಳು ಡಾಕ್ಟ್ರಲ್ಲ, ನಾನು ಸುಳ್ಳು ಹೇಳಿದ್ದೆ, ನಾನು ಆಸ್ಪತ್ರೇಲಿ ಬಟ್ಟೆ ಒಗೀತಿದ್ದವಳು ಅಂತ. ಇವ್ರು ನಂಬಲಿಲ್ಲ, ತಮಾಷೆ ಮಾಡ್ಬೇಡೀಮ್ಮ ಅಂದ್ರು. ಅದಕ್ಕೆ ನಿಮ್ಮಮ್ಮ ಬಾಗಿಲಲ್ಲಿ ಅಡ್ಡ ನಿಂತ್ಕೊಂಡು ಬೀದಿಗೆಲ್ಲ ಕೇಳೋ ಹಾಗೆ ಮತ್ತೆ ಹೇಳಿದ್ರು. ಗಿರಾಕಿಗಳನ್ನ ಆಚೆ ಕಳಿಸಿ ಶಟರ್ ಅವ್ರೇ ಎಳೆದ್ರು. ಇವ್ರಿಗೆ ಬಂತು ನೋಡು ಸಿಟ್ಟು! ಇಷ್ಟು ದಿನ ನನ್ನ ಮಂಗ ಮಾಡಿದ್ರಾ, ನಡೀರಿ, ಈಗ್ಲೇ ನಿಜವಾದ ಡಾಕ್ಟ್ರ ಹತ್ರ ಹೋಗಿ ತೋರಿಸ್ತೀನಿ, ಆಮೇಲೆ ನಿಮಗೆ ಮಾಡ್ತೀನಿ ಅಂತ ಆಟೋ ಹತ್ತಿದ್ರು. ಸಿಟ್ಟಲ್ಲೇ ಬಂದಿದ್ದು ಆಸ್ಪತ್ರೆಗೆ."

ಗಡಿಬಿಡಿ ಅಮ್ಮನನ್ನು ನೋಡಿದಳು. ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ನಿಂತಿದ್ದಳು. ಓಡಿಹೋಗಿ ತಬ್ಬಿಕೊಳ್ಳಬೇಕು ಎನ್ನಿಸಿತು. ಫೋನಿನಲ್ಲಿ ಆಡಿದ ಮಾತು ನೆನಪಾಗಿ ನಾಚಿಕೆಯೂ ಆಯಿತು.

"ನನ್ನ ಒಳಗೆ ಬಿಡ್ತಿಲ್ಲ" ಎಂದಳು ಯಜಮಾನರ ಹೆಂಡತಿ. ಸಿಟ್ಟಿನ ಹಿಂದೆ ಇಷ್ಟು ಹೊತ್ತು ಅಡಗಿದ್ದ ಭಯ ಈಗ ದನಿಯಲ್ಲೇ ನಡುಗಿತು. "ನಿನ್ನನ್ನ ಬಿಡ್ತಾರೆ. ನೋಡ್ಕೊಂಡು ಬಂದು ಹೇಳ್ತೀಯಾ?"

ಗಡಿಬಿಡಿ ಒಳಗೆ ಓಡಿದಳು. ಯಜಮಾನರ ಮಂಚವನ್ನು ಆಗಲೇ ಹೊರಡಿಸಿ ಹಜಾರದ ಕೊನೆಯವರೆಗೆ ತಳ್ಳಿದ್ದರು. ಲಿಫ್ಟಿಗಾಗಿ ಕಾಯುತ್ತಿದ್ದರು. ಕನ್ನಡಕ ತೆಗೆದಿಟ್ಟಿದ್ದರಿಂದ ಅವರು ಕಣ್ಣು ಕಿರಿದು ಮಾಡಿ ಇವಳ ಕಡೆ ನೋಡಿದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಗುರುತು ಹತ್ತಿದ್ದೇ ತುಟಿಗಳು ಅದುರಿದವು. ಅವಳು ಬಗ್ಗಿ ಕಿವಿ ಕೊಟ್ಟಳು. ಅವರು ಹೇಳಬೇಕೆಂದದ್ದನ್ನೆಲ್ಲ ಹೇಳಿದರು, ನಡುನಡುವೆ ಉಸಿರೆಳೆದುಕೊಂಡು. ದನಿ ಏರುತ್ತ ಹೋಯಿತು, ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಹೇಳುತ್ತಲೇ ಇದ್ದರು. ಮಂಚ ತಳ್ಳುತ್ತಿದ್ದ ನಿಜವಾದ ಡಾಕ್ಟರು ನಗು ತಡೆದುಕೊಂಡು, ಸರಿಯಾದ ಹೊತ್ತಿಗೆ ತಂದಿದ್ದಾರೆ ಎಂಬಂತೆ ಅವಳತ್ತ ತಲೆಯಾಡಿಸಿದರು.

ಅವಳು ಹೊರಗೆ ಬಂದಾಗ ಯಜಮಾನರ ಹೆಂಡತಿ ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದಳು. ಅಮ್ಮನೂ ಗೋಡೆ ಬಿಟ್ಟು ಬಂದು ಅವಳ ಹಿಂದೆ ನಿಂತಿದ್ದಳು. ಇಬ್ಬರೂ ಒಂದೇ ಸಲ ಕೇಳಿದರು.

"ಹೇಗಿದಾರೆ?"

"ಮೇಲೆ ಕರ್ಕೊಂಡು ಹೋದ್ರು. ಕಟ್ಟಿರೋ ರಕ್ತನಾಳ ಬಿಡಿಸ್ತಾರೆ. ಎಚ್ಚರ ಇದಾರೆ, ಗುರುತು ಹಿಡಿದ್ರು." ಗಡಿಬಿಡಿ ಮೊಣಕೈಯಿಂದ ಮುಖ ಒರೆಸಿಕೊಂಡಳು. "ಬಯ್ತಿದಾರೆ."

"ಬಯ್ತಿದಾರಾ?" ಯಜಮಾನರ ಹೆಂಡತಿ ಅವಳ ತೋಳು ಹಿಡಿದುಕೊಂಡಳು. "ಸರಿಯಾಗಿ ನೋಡ್ದೆ ತಾನೆ? ಜೋರಾಗಿ ಬಯ್ತಿದಾರಾ?"

"ಜೋರಾಗೇ. ನನ್ನನ್ನ, ಅಮ್ಮನ್ನ, ನಮ್ಮ ಇಡೀ ವಂಶಾನ."

ಯಜಮಾನರ ಹೆಂಡತಿ ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದು ಕೂತು, ಆಸ್ಪತ್ರೆಗೆ ಬಂದಾಗಿನಿಂದ ಅಳದಿದ್ದುದನ್ನೆಲ್ಲ ಈಗ ಅತ್ತಳು. ಅಮ್ಮ ಪಕ್ಕದ ಕುರ್ಚಿಯಲ್ಲಿ ಹೇಳದೆ ಕೇಳದೆ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟಳು. ಆ ಕೈಯನ್ನು ಅವಳು ತಳ್ಳಲಿಲ್ಲ.

"ಬಯ್ಲಿ" ಎಂದಳು ಅಮ್ಮ. "ಹೊಟ್ಟೆ ತುಂಬ ಬಯ್ಲಿ. ಮನೆಗೆ ಬಂದು ಇನ್ನೂ ಬಯ್ಲಿ."